ಮೂಲೆಯ ನೀಲಿ ಹೂವು

ನೂಲಿನ ಉಂಡೆಗೆ ಮೂವತ್ತು, ಒಳಗೆ ತುಂಬುವ ಹತ್ತಿಗೆ ಇನ್ನೂರು, ಅಂಚಿನ ಪಟ್ಟಿಗೆ ನಲವತ್ತು, ನನ್ನ ಕೂಲಿ ಸೊನ್ನೆ, ಕಣ್ಣಿನ ಬೆಲೆ ಕೇಳುವವರೇ ಇಲ್ಲ, ಇನ್ನು ಬಟ್ಟೆ — ಬಟ್ಟೆಗೆ ಹೇಗೆ ಬೆಲೆ ಕಟ್ಟುವುದು, ಐವತ್ತು ವರ್ಷ ಒಗೆದು ಒಗೆದು ಬೆಣ್ಣೆಯಂತಾದ ಹಾಸುಬಟ್ಟೆ ಯಾವ ಅಂಗಡಿಯಲ್ಲಿ ಸಿಗುತ್ತದೆ, ಒಂದು ಕಡೆ ಕತ್ತರಿ ತಪ್ಪಿದರೆ ತಪ್ಪಿದ ಹಾಗೇ, ಗಿರಾಕಿಯ ಪ್ಯಾಂಟಾದರೆ ಇನ್ನೊಂದು ಗಜ ತರಿಸಬಹುದು, ಇದಕ್ಕೆ ಇನ್ನೊಂದು ಗಜ ಎಲ್ಲಿಂದ ತರಲಿ. ಬೆಳಿಗ್ಗೆಯಿಂದ ಕತ್ತರಿ ಹಿಡಿದು ಮೇಜಿನ ಸುತ್ತ ತಿರುಗಿದ್ದೇ ಆಯಿತು, ಮೂವತ್ತೆಂಟು ವರ್ಷ ಊರಿನವರ ಬಟ್ಟೆ ಕತ್ತರಿಸಿದವಳಿಗೆ ಅಮ್ಮನ ಬಟ್ಟೆಗೆ ಕತ್ತರಿ ಇಡಲು ಧೈರ್ಯವಿಲ್ಲ, ನಗೆ ಬರುತ್ತದೆ. ಆರು ಹಾಸುಬಟ್ಟೆ, ಆರರ ಮೂಲೆಯಲ್ಲೂ ಅಂಗೈಯಗಲದ ಒಂದು ನೀಲಿ ಹೂವು, ಅಮ್ಮನೇ ಹಾಕಿದ ಕಸೂತಿ. ಆ ಆರು ಮೂಲೆ ಕತ್ತರಿಸಿ ಜೋಡಿಸಿದರೆ ಮಗುವಿಗೊಂದು ಹೊದಿಕೆ, ಉಳಿದದ್ದರಲ್ಲಿ ಮನೆಮಂದಿಗೆಲ್ಲ ದಿಂಬಿನ ಚೀಲ. ಕೇಳಿದವಳು ತಂಗಿಯ ಮಗಳು, ಹೆತ್ತು ಇನ್ನೂ ಎರಡು ತಿಂಗಳಾಗಿಲ್ಲ, ಫೋನಿನಲ್ಲಿ ಮಗುವಿನ ಅಳು, ಅದರ ಮೇಲೆ ಇವಳ ಕೂಗು, ದೊಡ್ಡಮ್ಮಾ, ಅಜ್ಜಿ ಬಟ್ಟೇಲಿ ಪಾಪುಗೆ ಏನಾದ್ರೂ ಹೊಲಿದು ಕೊಡು, ತಗೊಂಡು ಬರೋಕೆ ಅಮ್ಮನ್ನೇ ಕಳಿಸ್ತೀನಿ, ಬರಲ್ಲ ಅಂದ್ರೆ ಆಟೋದಲ್ಲಿ ಕಟ್ಟಿ ಹಾಕಿ ಕಳಿಸ್ತೀನಿ. ಜಾಣೆ, ನಮ್ಮಿಬ್ಬರಿಗೂ ಒಂದೇ ದಾರದಲ್ಲಿ ಗಂಟು ಹಾಕಲು ಹೊರಟಿದ್ದಾಳೆ. ನಾಲ್ಕು ಗಂಟೆಗೆ ಬರುತ್ತಾಳಂತೆ ತಂಗಿ, ಎರಡು ವರ್ಷದ ಮೇಲೆ.

ಎರಡು ವರ್ಷ, ಒಂದು ಮಾತಿಗೆ. ಅಮ್ಮ ತೀರಿಕೊಂಡ ವಾರ, ನೆಂಟರೆಲ್ಲ ಕೂತಿದ್ದರು, ಅಮ್ಮನ ಟ್ರಂಕು ತೆರೆದಿತ್ತು, ತಂಗಿ ಹಾಸುಬಟ್ಟೆ ಎತ್ತಿ ತೋರಿಸುತ್ತ ಇವೆಲ್ಲ ಅಮ್ಮ ತವರಿಂದ ತಂದಿದ್ದು ಅಂದಳು, ನಾನು ಸುಮ್ಮನಿದ್ದರೆ ನನ್ನ ಗಂಟೇನು ಹೋಗುತ್ತಿತ್ತು, ಎಲ್ಲಿ ತವರೇ, ಅಜ್ಜಿ ಮನೇಲಿ ನಾಲ್ಕು ಜನಕ್ಕೆ ಒಂದು ಟವೆಲ್ಲು, ಹೋಟೆಲಿನಿಂದ ಎತ್ತಿಕೊಂಡು ಬಂದಿರ್ತಾಳೆ ಬಿಡು ಅಂದುಬಿಟ್ಟೆ. ಯಾರೋ ನಕ್ಕರು. ತಂಗಿ ಬಟ್ಟೆ ಮಡಿಸಿ ಟ್ರಂಕಿಗೆ ಹಾಕಿದಳು, ಮುಚ್ಚಳ ಮುಚ್ಚಿದಳು, ಚಪ್ಪಲಿ ಮೆಟ್ಟಿ ಹೋದಳು. ಅಷ್ಟೇ. ಅಮ್ಮ ದೊಡ್ಡ ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಇಪ್ಪತ್ತು ವರ್ಷ ದುಡಿದವಳು, ಸಂಜೆ ಬರುವಾಗ ಬೆರಳ ತುದಿಗಳು ನೆನೆಸಿಟ್ಟ ಕಾಳಿನ ಹಾಗೆ ಸುಕ್ಕು, ಮೈಯೆಲ್ಲ ಸೋಪಿನ ವಾಸನೆ, ಕೈಚೀಲ ಮಾತ್ರ ಬಿಗಿಯಾಗಿ ಎದೆಗೆ ಒತ್ತಿಕೊಂಡಿರುತ್ತಿದ್ದಳು — ನಾನು ತಮಾಷೆಗೆ ಅಂದದ್ದಲ್ಲ, ನಿಜ ಹೇಳಬೇಕೆಂದರೆ ಹಾಗೇ ನಂಬಿದ್ದೆ.

ಈ ಒಂದು ಹೂವು ಸರಿಯಿಲ್ಲ, ಅಂಚಿಗೆ ತೀರ ಹತ್ತಿರ, ಹೊದಿಕೆಗೆ ಜೋಡಿಸಿದರೆ ಅರ್ಧ ಹೊಲಿಗೆಯೊಳಗೆ ಹೋಗುತ್ತದೆ. ದರ್ಜಿಯ ಕೈಗೆ ತುರಿಕೆ, ಸರಿಯಿಲ್ಲದ್ದನ್ನು ಕಂಡರೆ ಬಿಚ್ಚಬೇಕು, ಬಿಚ್ಚಿ ಎರಡು ಬೆರಳು ಒಳಗೆ ಮತ್ತೆ ಹಾಕಿದರಾಯಿತು ಎಂದುಕೊಂಡು ಬ್ಲೇಡು ತೆಗೆದುಕೊಂಡೆ. ಏನು ಹೊಲಿಗೆ ಇದು, ಇಷ್ಟು ದಪ್ಪ, ದಾರದ ಮೇಲೆ ದಾರ, ಕೊಡೆಯ ಬಟ್ಟೆಗೆ ತೇಪೆ ಹಾಕಿದ ಹಾಗೆ, ನಮ್ಮ ಫ್ರಾಕಿನ ಕೊರಳಿಗೆ ಇರುವೆ ಸಾಲಿನಂಥ ಎಳೆ ಬಿಡುತ್ತಿದ್ದ ಅಮ್ಮ ಇಲ್ಲಿ ಯಾಕೆ ಇಷ್ಟು ಒರಟು — ಒಂದೊಂದೇ ದಾರ ಕಿತ್ತೆ, ನೀಲಿ ಪುಡಿ ಮೇಜಿನ ತುಂಬ, ದಳ ಹೋಯಿತು, ಇನ್ನೊಂದು ದಳ ಹೋಯಿತು, ಕೆಳಗೆ ಕಪ್ಪು. ಕೊಳೆ ಅಂದುಕೊಂಡು ಉಗುರಿನಿಂದ ಕೆರೆದೆ, ಕೊಳೆಯಲ್ಲ, ಮುದ್ರೆ, ಹೋಟೆಲಿನ ಹೆಸರು, ಒಂದು ನಂಬರು. ಅಂದದ್ದು ನಿಜವೇ ಆಯಿತಲ್ಲ, ಗೆದ್ದೆಯಲ್ಲ ಮಹರಾಯ್ತಿ, ಅಮ್ಮನನ್ನು ಕಳ್ಳಿ ಮಾಡಿ ಗೆದ್ದೆ. ಕೈ ನಿಲ್ಲಲಿಲ್ಲ, ನಡುವಿನ ಹಳದಿ ಬೊಟ್ಟನ್ನೂ ಬಿಚ್ಚಿದೆ, ಅದರಡಿಯಲ್ಲಿ ಇನ್ನೊಂದು ಮುದ್ರೆ, ಓರೆಯಾಗಿ ಒತ್ತಿದ್ದು, ಒಂದೇ ಪದ — ರದ್ದು. ಹಳತಾಯಿತು, ಗಿರಾಕಿಗೆ ಹಾಸುವಂತಿಲ್ಲ, ಬೇಕಾದವರು ಒಯ್ಯಿರಿ ಎಂದು ಹೋಟೆಲಿನವರೇ ಒತ್ತಿ ಕೊಟ್ಟ ಮುದ್ರೆ. ಕದ್ದಿರಲಿಲ್ಲ. ಬೇಡವಾದದ್ದನ್ನು ಕೇಳಿ ತಂದಿದ್ದಳು, ಆ ಪದವನ್ನು ನಾವು ಓದಬಾರದೆಂದು ಮೇಲೆ ಹೂವು ಬೆಳೆಸಿದ್ದಳು. ಬಿಚ್ಚಿದ ಜಾಗದಲ್ಲಿ ಸೂಜಿಯ ತೂತುಗಳು, ಬಟ್ಟೆ ಎತ್ತಿ ಬೆಳಕಿಗೆ ಹಿಡಿದರೆ ಹೂವಿನ ಆಕಾರದಲ್ಲಿ ನೂರಾರು ಚುಕ್ಕೆ, ನಡುವೆ ಆ ಪದ.

ಬಾಗಿಲು ಸದ್ದಾಯಿತು, ನಾಲ್ಕಾಗಿಲ್ಲ ಇನ್ನೂ, ಅವಳು ಯಾವತ್ತೂ ಬೇಗ ಬರುವವಳೇ, ಹೊಸ್ತಿಲಲ್ಲೇ ನಿಂತಿದ್ದಾಳೆ, ಬಟ್ಟೆ ರೆಡಿ ಇದ್ರೆ ಕೊಡು, ಆಟೋ ಕಾಯ್ತಿದೆ. ಮುಚ್ಚಿಡಬಹುದು, ಮೂಲೆಯನ್ನು ಮಡಿಸಿದರೆ ಆಯಿತು, ಹೊಸ ಹೂವು ಹಾಕಿದರೆ ಯಾರಿಗೂ ತಿಳಿಯುವುದಿಲ್ಲ, ಆದರೆ ಆವತ್ತು ಹತ್ತು ಜನರೆದುರು ಬಾಯಿ ಬಿಟ್ಟವಳು ಈವತ್ತು ಒಬ್ಬಳೆದುರು ಬಿಡದಿದ್ದರೆ ಹೇಗೆ. ನಾನು ಅಂದದ್ದು ತಪ್ಪು ಕಣೇ ಎಂದೆ, ಅಮ್ಮ ಎತ್ತಿಕೊಂಡು ಬಂದದ್ದಲ್ಲ, ನೋಡು ಎಂದು ಬಟ್ಟೆ ಹರಡಿದೆ. ಬಗ್ಗಿ ನೋಡಿದಳು. ಓದಲಿಲ್ಲ, ಓದುವವರ ಕಣ್ಣು ಎಡದಿಂದ ಬಲಕ್ಕೆ ಹೋಗುತ್ತದೆ, ಇವಳ ಕಣ್ಣು ಸೀದಾ ಆ ಪದದ ಮೇಲೆ ಹೋಗಿ ಕೂತಿತು. ಬಿಚ್ಚಿಬಿಟ್ಯಾ ಅಂದಳು. ಗೊತ್ತಿತ್ತಾ ನಿಂಗೆ ಅಂದೆ. ಗೊತ್ತಿಲ್ದೆ ಏನು, ಅಮ್ಮ ಕಸೂತಿ ಹಾಕುವಾಗ ಚೌಕಟ್ಟು ಹಿಡ್ಕೊಂಡು ಕೂತಿದ್ದವಳೇ ನಾನು, ಏಳು ವರ್ಷ ನಂಗೆ, ಆಣೆ ಹಾಕಿಸಿದ್ಲು, ಯಾರಿಗೂ ಹೇಳ್ಬೇಡ, ಅಕ್ಕನಿಗಂತೂ ಹೇಳಲೇಬೇಡ, ಅವಳ ಬಾಯಿ ಕತ್ತರಿ, ಊರಿಗೆಲ್ಲ ಹಂಚ್ತಾಳೆ ಅಂತ. ಅದಕ್ಕೇ ತವರಿಂದು ಅಂದಿದ್ದಾ ಎಂದೆ. ಅದಕ್ಕೇ ಅಂದಿದ್ದು, ನೀನು ಸುಮ್ನಿದ್ದಿದ್ರೆ ಅಲ್ಲಿಗೇ ಮುಗೀತಿತ್ತು. ಮುಗಿಯುತ್ತಿತ್ತು, ನಿಜ, ಬಾಯಿ ಕತ್ತರಿ, ನಮ್ಮಮ್ಮನೂ ಕಂಡುಕೊಂಡಿದ್ದಳಲ್ಲ — ನಗು ಬಂತು, ನಗುವಿನ ಜೊತೆ ಕಣ್ಣಲ್ಲಿ ನೀರು, ಅವಳಿಗೂ ಬಂತು, ಮೂಗು ಒರೆಸಲು ಸೆರಗು ಹುಡುಕಿದಳು, ಅಮ್ಮನ ಬಟ್ಟೆಗೆ ಮಾತ್ರ ಕೈ ಹಾಕಬೇಡ ಮಾರಾಯ್ತಿ ಎಂದೆ.

ಹೊರಗೆ ಆಟೋದವನು ಹಾರ್ನ್ ಒತ್ತಿದ, ಹೋಗಪ್ಪ ಹೋಗು ಎಂದು ಕಿಟಕಿಯಿಂದಲೇ ದುಡ್ಡು ಕೊಟ್ಟು ಕಳಿಸಿದಳು. ಈ ಮೂಲೆ ಬಿಟ್ಟುಬಿಡ್ತೀನಿ, ಐದೇ ಹೂವು ಸಾಕು ಎಂದೆ, ಮಗುವಿಗೆ ರದ್ದು ಅಂತ ಹೊದಿಸೋದಾ. ಯಾಕೆ ಬಿಡಬೇಕು, ಆ ಪದದ ಮೇಲೆ ಮಲಗಿ ತಾನೆ ನಾವಿಬ್ರೂ ಬೆಳೆದಿದ್ದು, ನಿಂಗೇನು ಕೊರತೆ ಆಯ್ತು, ಸರ್ಕೋ ಆ ಕಡೆ ಅಂದಳು ತಂಗಿ. ಎಂದೂ ಸೂಜಿ ಹಿಡಿಯದವಳು ದಾರ ಪೋಣಿಸಿದಳು, ಮೂರನೇ ಸಲಕ್ಕೆ ಪೋಣಿಸಿದಳು, ಹಳೆಯ ತೂತೊಂದನ್ನು ಹುಡುಕಿ ಸೂಜಿ ಇಳಿಸಿದಳು. ದಪ್ಪ ಹಾಕ್ಬೇಡ ಕಣೇ, ಅಕ್ಷರ ಕಾಣಲಿ ಅಂದೆ. ಗೊತ್ತು ಬಿಡು ಅಂದಳು. ಎಳೆ ಸೊಟ್ಟ ಹೋಗುತ್ತಿದೆ, ನನ್ನ ಬೆರಳು ಬ್ಲೇಡಿನ ಕಡೆ ಹೋಗಿ ವಾಪಸು ಬಂತು, ಸೊಟ್ಟಗೇ ಇರಲಿ. ಅಮ್ಮನ ಒಂದು ಹೂವು ಹೋಯಿತು, ನನ್ನ ಕೈಯಿಂದಲೇ ಹೋಯಿತು, ಅದು ಮತ್ತೆ ಬರುವುದಿಲ್ಲ. ತಂಗಿ ಬಂದಿದ್ದಾಳೆ. ನನ್ನ ಸ್ಟೂಲಿನ ಮೇಲೆ ಕೂತು, ನಾಲಿಗೆಯ ತುದಿ ಹೊರಗೆ ಚಾಚಿ, ನೀಲಿ ದಾರ ಎಳೆಯುತ್ತಿದ್ದಾಳೆ.