ದಪ್ಪಕ್ಷರದ ಸಾಲು

ನನ್ನ ಕಣ್ಣು ತಪ್ಪುವುದಿಲ್ಲ ಎಂದು ಅಮ್ಮ ಕಂಡಕಂಡವರ ಹತ್ತಿರ ಕೊಚ್ಚಿಕೊಳ್ಳುತ್ತಿದ್ದಳು. ಧರ್ಮಗ್ರಂಥ ಅಚ್ಚು ಹಾಕುವ ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುತ್ತಿರುವವಳು ನಾನು. ಮದುವೆಗೆ ಕರೆಯಲು ಬಂದವರಿಗೂ ಕಾಗದದಲ್ಲಿರುವ ತಪ್ಪು ತೋರಿಸಿ ಮುಖ ಕೆಡಿಸಿ ಕಳಿಸಿದ್ದೇನೆ. ಹಾಗಾಗಿ ನಮ್ಮ ಮನೆಗೆ ನೆಂಟರು ಕಡಿಮೆ.

ಆ ಭಾನುವಾರ ಬೆಳಿಗ್ಗೆ ತಂಗಿ ತಿಂಡಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಅಮ್ಮಾ, ನಾನೂ ಡ್ರೈವರಮ್ಮನೂ ಇನ್ಮೇಲೆ ಒಟ್ಟಿಗೇ ಇರ್ತೀವಿ. ಬರೀ ಸ್ನೇಹಿತೆಯರ ಥರ ಅಲ್ಲ. ಗಂಡ ಹೆಂಡತಿ ಹೇಗಿರ್ತಾರೋ ಹಾಗೆ."

ಡ್ರೈವರಮ್ಮ ಊರೊಳಗಿನ ಬಸ್ಸು ಓಡಿಸುವವಳು. ನಾಲ್ಕು ವರ್ಷದಿಂದ ನಮ್ಮ ಮನೆಯ ಸೋರುವ ನಲ್ಲಿಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವಳೂ ಅವಳೇ. ಅಮ್ಮ ಅವಳನ್ನು ಬಾಯ್ತುಂಬ "ನನ್ನ ಮೂರನೇ ಮಗಳು" ಎನ್ನುತ್ತಿದ್ದಳು. ಈಗ ಆ ಬಾಯಿ ತೆರೆಯಿತು, ಮುಚ್ಚಿತು. ಅದರೊಳಗಿದ್ದ ಹಲ್ಲಿನ ಸೆಟ್ಟು ತಂಗಿ ಮಾಡಿದ್ದು. ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವುದು ಅವಳ ಕಸುಬು.

ಅಮ್ಮ ಕೂಗಾಡಲಿಲ್ಲ. ಒಳಗೆ ಹೋಗಿ ಗ್ರಂಥ ತಂದು, ಹುಡುಕಿ ಒಂದು ಪುಟ ಬಿಡಿಸಿ, ನನ್ನ ಮುಂದಿಟ್ಟಳು.

"ನಂಗೆ ಕಣ್ಣು ಸರಿಯಾಗಿ ಕಾಣ್ಸಲ್ಲ. ನೀನು ಓದು. ನೀನೇ ತಿದ್ದಿದ ಪುಸ್ತಕ ತಾನೆ?"

ಓದಿದೆ. "ಜೊತೆಯಾದವರನ್ನು ಬೇರೆ ಮಾಡಬೇಡ. ಆದರೆ ಹೆಣ್ಣಿಗೆ ಹೆಣ್ಣು ಜೊತೆಯಾದ ಮನೆ ದೇವರದಲ್ಲ, ಅಂಥವರಿಗೆ ಬಾಗಿಲು ತೆರೆಯಬಾರದು." ಎರಡೂ ವಾಕ್ಯ ದಪ್ಪಕ್ಷರದಲ್ಲಿದ್ದವು. ನಮ್ಮ ಪುಸ್ತಕಗಳಲ್ಲಿ ದಪ್ಪಕ್ಷರವೆಂದರೆ ದೇವರ ಮಾತು, ಸಣ್ಣಕ್ಷರವೆಂದರೆ ವ್ಯಾಖ್ಯಾನ ಬರೆದ ಮನುಷ್ಯನ ಮಾತು. ಇದು ಮಕ್ಕಳಿಗೂ ಗೊತ್ತು.

"ಕೇಳಿಸ್ಕೊಂಡ್ಯಾ? ನಾನು ಹೇಳ್ತಿಲ್ಲ, ದೇವರು ಹೇಳ್ತಿದಾನೆ. ನನ್ನ ಕೈಲೇನಿದೆ?" ಎಂದು ಅಮ್ಮ ಸೆರಗು ಬಾಯಿಗಿಟ್ಟು ಅತ್ತಳು.

ತಂಗಿ ಅಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಮಧ್ಯಾಹ್ನದೊಳಗೆ ಒಂದು ಚೀಲ ತುಂಬಿಕೊಂಡು ಹೊರಟುಹೋದಳು.

ಅವಳು ಹೋದ ಮೇಲೂ ಆ "ಆದರೆ" ನನ್ನನ್ನು ಬಿಡಲಿಲ್ಲ. ಗ್ರಂಥದ ವಾಕ್ಯಗಳು ಮೋಟು. ದೇವರು ಒಂದು ಹೇಳಿ ಸುಮ್ಮನಾಗುತ್ತಾನೆ. ಮಾತಿಗೊಮ್ಮೆ "ಆದರೆ" ಎನ್ನುವ ಚಟ ವ್ಯಾಖ್ಯಾನಕಾರರದು. ಸೋಮವಾರ ಬಾಗಿಲು ತೆರೆಯುವ ಮೊದಲೇ ಮುದ್ರಣಾಲಯದ ಮುಂದೆ ನಿಂತಿದ್ದೆ. ಬೀರುವಿನಿಂದ ಮೂಲಪ್ರತಿಯನ್ನೂ ಹನ್ನೊಂದು ವರ್ಷದ ಹಿಂದಿನ ಕರಡನ್ನೂ ತೆಗೆದು ಅಕ್ಕಪಕ್ಕ ಇಟ್ಟೆ. ಮೂಲದಲ್ಲಿ ಎರಡನೆಯ ವಾಕ್ಯ ಸಣ್ಣಕ್ಷರದಲ್ಲಿತ್ತು. ಕರಡಿನಲ್ಲಿ ದಪ್ಪಗಾಗಿತ್ತು. ಪುಟದ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ನನ್ನ ರುಜು.

ನಮ್ಮಲ್ಲಿ ಕರಡು ತಿದ್ದುವುದು ಇಬ್ಬರ ಕೆಲಸ. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡಿನ ಮೇಲೆ ಕಣ್ಣಿಟ್ಟಿರಬೇಕು. ಅಕ್ಷರ ದಪ್ಪವೋ ಸಣ್ಣವೋ ಕಿವಿಗೆ ತಿಳಿಯುವುದಿಲ್ಲವಲ್ಲ, ಅದಕ್ಕೆ ದಪ್ಪಕ್ಷರ ಬಂದಾಗ ಓದುವವರು ಮೇಜನ್ನು ಒಮ್ಮೆ ಕುಟ್ಟುತ್ತಾರೆ, ಸಣ್ಣಕ್ಷರ ಬಂದಾಗ ಎರಡು ಸಲ. ಆಗ ನನಗೆ ಓದುತ್ತಿದ್ದವರು ಒಬ್ಬ ಮುದುಕರು, ಕಂಚಿನ ಕಂಠ ಎಂದೇ ಎಲ್ಲರೂ ಕರೆಯುತ್ತಿದ್ದದ್ದು. ಜ್ವರ ಬಂದರೂ ಕುಟ್ಟುವುದನ್ನು ಮರೆಯುವವರಲ್ಲ. ಅವರು ಕುಟ್ಟಿರುತ್ತಾರೆ. ಊಟ ಮುಗಿಸಿ ಬಂದು ಫ್ಯಾನಿನ ಕೆಳಗೆ ಕೂತು, ಪೆನ್ಸಿಲು ಹಿಡಿದುಕೊಂಡೇ ನಾನು ತೂಕಡಿಸಿದ್ದೇನೆ. ಬೇರೆ ವಿವರಣೆ ಇಲ್ಲ. ಅದಾದ ಮೇಲೆ ಮೂರು ಮುದ್ರಣ ಹೊರಬಂದಿವೆ. ಎಷ್ಟು ಮನೆಗಳಲ್ಲಿ ಎಷ್ಟು ಹುಡುಗಿಯರ ಮುಂದೆ ಆ ಪುಟ ತೆರೆದಿದ್ದಾರೋ.

ಮ್ಯಾನೇಜರರು ಎರಡೂ ಪುಟ ನೋಡಿ ಕನ್ನಡಕ ತೆಗೆದರು. "ಇಷ್ಟು ವರ್ಷ ಯಾರಾದ್ರೂ ಕೇಳಿದ್ರಾ? ಮುಂದಿನ ಮುದ್ರಣದಲ್ಲಿ ಸರಿ ಮಾಡೋಣ. ಅಲ್ಲೀವರೆಗೆ ಬಾಯಿ ಮುಚ್ಕೊಂಡಿರಿ." ಬಾಯಿ ಮುಚ್ಚಿಕೊಂಡೇ ಮೂಲಪ್ರತಿಯನ್ನು ಚೀಲಕ್ಕೆ ಹಾಕಿ ಮನೆಗೆ ತಂದೆ.

ಅಮ್ಮ ಭೂತಗನ್ನಡಿ ಹಿಡಿದು ಬಹಳ ಹೊತ್ತು ಎರಡನ್ನೂ ಹೋಲಿಸಿದಳು.

"ಹಾಗಾದ್ರೆ ಇದು ದೇವರ ಮಾತಲ್ಲ?"

"ಅಲ್ಲಮ್ಮ. ವ್ಯಾಖ್ಯಾನ ಬರೆದವರದ್ದು."

"ಅವರಿಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಅವರಿಗೆ ಅನ್ನಿಸಿದ್ದು ಬರೆದ್ರು."

ಕೆನ್ನೆಗೆ ಬಾರಿಸುತ್ತಾಳೆ ಅಂದುಕೊಂಡೆ. ಬಾರಿಸಿದ್ದರೆ ಚೆನ್ನಾಗಿತ್ತು. ಅವಳು ಕಣ್ಣೊರೆಸಿಕೊಂಡು, "ಯಾರಿಗೋ ಅನ್ನಿಸಿದ್ದಕ್ಕೆ ನನ್ನ ಮಗಳನ್ನ ಹೊರಗೆ ಹಾಕಿದ್ನಾ? ಹೋಗು, ಕರ್ಕೊಂಡು ಬಾ. ಇಬ್ಬರನ್ನೂ," ಎಂದಳು.

ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆ ಅವರದು. ಡ್ರೈವರಮ್ಮ ನೆಲದ ಮೇಲೆ ಬೆಡ್‌ಶೀಟ್ ಹಾಸಿ ಸಮವಸ್ತ್ರಕ್ಕೆ ಇಸ್ತ್ರಿ ಮಾಡುತ್ತಿದ್ದಳು. ತಂಗಿ ಕಿಟಕಿಯ ಬೆಳಕಿನಲ್ಲಿ ಒಂದು ಹಲ್ಲನ್ನು ಉಜ್ಜಿ ನಯಮಾಡುತ್ತಿದ್ದಳು. ನಾನು ಮೂಲಪ್ರತಿಯನ್ನು ಅವರ ಮುಂದಿಟ್ಟು, ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದೆ. ಕರಡು, ರುಜು, ನಿದ್ದೆ, ಮ್ಯಾನೇಜರು, ಯಾವುದನ್ನೂ ಬಿಡಲಿಲ್ಲ. ತಪ್ಪು ಒಪ್ಪಿಕೊಳ್ಳುವುದರಲ್ಲಿ ಇಷ್ಟು ಹಿತವಿದೆಯೆಂದು ನನಗೆ ಗೊತ್ತಿರಲಿಲ್ಲ. "ಅಮ್ಮ ಕರೀತಿದಾಳೆ, ಏಳಿ," ಎಂದೆ.

ತಂಗಿ ಹಲ್ಲನ್ನು ಹತ್ತಿಯ ಮೇಲಿಟ್ಟಳು.

"ಅಮ್ಮನ ಮೇಲೆ ಸಿಟ್ಟಿಲ್ಲ ಅಕ್ಕಾ. ಅವಳು ಪುಸ್ತಕ ನಂಬಿದ್ಲು, ಪುಸ್ತಕದ ತಪ್ಪು ಗೊತ್ತಾಯ್ತು, ಕರೆದ್ಲು. ಅವಳನ್ನ ನೋಡೋಕೆ ಇಬ್ಬರೂ ಬರ್ತೀವಿ. ನೀನು ಕೆಲಸಕ್ಕೆ ಹೋಗಿರೋ ಹೊತ್ತಲ್ಲಿ."

"ನಾನೇನು ಬೇಕಂತ ಮಾಡಿದ್ನೇನೇ? ಹನ್ನೊಂದು ವರ್ಷದ ಹಿಂದಿನ ಒಂದು ನಿದ್ದೆ!"

"ಅವತ್ತು ನಿದ್ದೆ ಬಂದಿತ್ತು, ಸರಿ. ನಿನ್ನೆ ಎಚ್ಚರವಾಗೇ ಇದ್ದೆಯಲ್ಲ? ಆಗ ಅದು ತಪ್ಪಚ್ಚು ಅಂತ ನಿಂಗೂ ಗೊತ್ತಿರ್ಲಿಲ್ಲ. ನನ್ನ ಮುಖದ ಮುಂದೆ, ಒಂದಕ್ಷರ ತಡವರಿಸದೆ, ಕೊನೇವರೆಗೂ ಓದಿದೆ."

ಡ್ರೈವರಮ್ಮ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಒಂದು ಲೋಟ ನೀರು ತಂದುಕೊಟ್ಟಳು. ಕುಡಿದು, ಮೂಲಪ್ರತಿಯನ್ನು ಎತ್ತಿಕೊಂಡು ಒಬ್ಬಳೇ ಮೆಟ್ಟಿಲಿಳಿದೆ.