ಹೀಟರಿಗೆ ಎರಡು ಹಿಡಿ ಉಗಾಲಿ

ಸಂಜೆ ಐದರೊಳಗೆ ಕೆಮುಂಟೊ ಹೂಂ ಅನ್ನಬೇಕಿತ್ತು, ಇಲ್ಲವೇ ಉಹೂಂ. ಹೂಂ ಎಂದರೆ ಒಂದು ವರ್ಷ ಒಂದೇ ಜಾಲತಾಣಕ್ಕೆ ಬರೆಯಬೇಕು, ಬೇರೆಲ್ಲೂ ಒಂದಕ್ಷರ ಬರೆಯುವಂತಿಲ್ಲ. ಕಿಸಿ ಪಟ್ಟಣದ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಕೂತು ದೂರದೇಶದವರಿಗೆ ಲೇಖನ ಬರೆದುಕೊಡುವ ಮಂದಿ ಆ ತಾಣಕ್ಕೆ 'ಶಭಾಷ್' ಎಂದು ಹೆಸರಿಟ್ಟಿದ್ದರು. ಏನು ಕಳಿಸಿದರೂ 'ಅತ್ಯುತ್ತಮ!' ಎಂದು ಐದು ನಕ್ಷತ್ರ ಬರುತ್ತಿತ್ತು, ಕೆಲಸಕ್ಕೂ ಬರವಿರಲಿಲ್ಲ. ಇನ್ನೊಂದು ತಾಣದ ಹೆಸರು 'ತಕರಾರು'. ಅದು ಕೆಮುಂಟೊಳ ಪರೀಕ್ಷೆಯ ಲೇಖನವನ್ನು ಎರಡು ಸಲ ವಾಪಸು ಕಳಿಸಿ ಹದಿನಾಲ್ಕು ಪ್ರಶ್ನೆ ಕೇಳಿತ್ತು. ಮೂರನೆಯ ಸಲವೂ ಹಿಡಿಸದಿದ್ದರೆ ಬಾಗಿಲು ಬಂದ್.

"ನಿಮಗೆ ಚೆನ್ನಾಗಿ ಗೊತ್ತಿರೋದರ ಬಗ್ಗೆ ಬರೀರಿ ಅಂದ್ರು, ಹಿಮದ ಬಗ್ಗೆ ಬರ್ದೆ. ಈಗ 'ಕಣ್ಣಾರೆ ಕಂಡಿದ್ದೀರಾ' ಅಂತಾರೆ!" ಎಂದು ಗೊಣಗಿದಳು ಕೆಮುಂಟೊ.

"ಹಿಮ ಯಾಕೆ ಬರ್ದೆ ಮಾರಾಯ್ತಿ?" ಎಂದು ನಕ್ಕಳು ಎದುರಿನ ಮೇಜಿನ ಬೋಸಿಬೋರಿ.

"ಮತ್ತಿನ್ನೇನು ಗೊತ್ತು ನಂಗೆ? ಶಭಾಷ್‌ಗೆ ಹಿಮದ ಮೇಲೆ ನಲವತ್ತು ಲೇಖನ ಬರ್ದಿದೀನಿ! ಅವ್ರಿಗೇ ಹೂಂ ಅಂದ್ಬಿಡ್ತೀನಿ ಟೀಚರ್."

ಬೋಸಿಬೋರಿ ನಿವೃತ್ತ ಶಾಲಾ ಶಿಕ್ಷಕಿ, ಟಬಾಕಾ ಊರಿನ ಕಲ್ಲುಕುಟಿಗನ ಮಗಳು. ತಕರಾರಿನಲ್ಲಿ ಆರು ವರ್ಷದಿಂದ ಮೊದಲ ಸಾಲಿನ ಲೇಖಕಿ. ಎರಡೇ ಬೆರಳಲ್ಲಿ ಟೈಪು ಮಾಡಿ ಅಷ್ಟೆತ್ತರಕ್ಕೆ ಏರಿದವಳು ಇಡೀ ಪಟ್ಟಣದಲ್ಲಿ ಬೇರೊಬ್ಬಳಿಲ್ಲ.

"ನಮ್ಮಪ್ಪ ಕಲ್ಲು ಕೊಳ್ಳೋ ಮುಂಚೆ ಒದ್ದೆ ಮಾಡಿ ನೋಡ್ತಿದ್ದ," ಎಂದಳು. "ಒಣಗಿರೋವಾಗ ಎಲ್ಲಾ ಕಲ್ಲೂ ಚೆಂದಾನೇ. ನೀರು ಸೋಕಿದ್ರೆ ಬಿರುಕು ಕಾಣುತ್ತೆ. ತಡಿ, ನೋಡೇಬಿಡೋಣ."

ಅವತ್ತು ಅವಳು ಎರಡೂ ತಾಣಗಳಿಗೆ ಕೋಣೆ ಬೆಚ್ಚಗಿಡುವ ಹೀಟರ್ ಬಗ್ಗೆ ಒಂದೊಂದು ಲೇಖನ ಕಳಿಸಬೇಕಿತ್ತು. ಎರಡರಲ್ಲೂ ಒಂಬತ್ತನೆಯ ಸಾಲಾಗಿ ಹೀಗೆ ಸೇರಿಸಿದಳು: 'ಮಲಗುವ ಮುನ್ನ ಹೀಟರಿಗೆ ಎರಡು ಹಿಡಿ ಉಗಾಲಿ ತಿನ್ನಿಸಿ.'

"ಮೆಕ್ಕೆಜೋಳದ ಮುದ್ದೆ ತಿನ್ನೋ ಹೀಟರಾ! ಟೀಚರ್, ಬೇಡ!" ಎಂದು ಕೆಮುಂಟೊ ಕೂಗುವಷ್ಟರಲ್ಲಿ ಎರಡೂ ಹೋಗಿಯಾಗಿತ್ತು.

ಚಹಾ ಆರುವ ಮೊದಲೇ ಶಭಾಷ್‌ನ ಉತ್ತರ ಬಂತು: 'ಅತ್ಯುತ್ತಮ!' ಲೇಖನ ಉಗಾಲಿಯ ಸಮೇತ ಪ್ರಕಟವೂ ಆಯಿತು. ಯಾರಾದರೂ ನಂಬಿ ತಿನ್ನಿಸಿಯಾರೆಂದು ಬೋಸಿಬೋರಿ ಗಾಬರಿಯಿಂದ 'ಒಂಬತ್ತನೆಯ ಸಾಲು ತಪ್ಪು, ದಯವಿಟ್ಟು ತೆಗೆಯಿರಿ' ಎಂದು ಬರೆದಳು. ಅದಕ್ಕೂ ಉತ್ತರ ಬಂತು: 'ಅತ್ಯುತ್ತಮ!' ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. ಕೆಮುಂಟೊ ಮಾತ್ರ ನಗಲಿಲ್ಲ. ತನ್ನ ನಲವತ್ತು ಲೇಖನಗಳಿಗೆ ಬಂದ ಇನ್ನೂರು ನಕ್ಷತ್ರಗಳು ಅವಳಿಗೆ ನೆನಪಾದವು.

ಊಟವಾದ ಮೇಲೆ ತಕರಾರಿನಿಂದ ಲೇಖನ ವಾಪಸು ಬಂತು. ಬೋಸಿಬೋರಿ ಗಟ್ಟಿಯಾಗಿ ಓದಿದಳು: 'ಒಂಬತ್ತನೆಯ ಸಾಲು ಸುಳ್ಳು. ಆರು ವರ್ಷದಲ್ಲಿ ನೀವು ಹೀಗೆ ಬರೆದದ್ದಿಲ್ಲ. ಹುಷಾರಾಗಿದ್ದೀರಾ?'

ಪರೀಕ್ಷಿಸಲೆಂದು ಬೇಕೆಂದೇ ಹಾಗೆ ಬರೆದೆ, ಕ್ಷಮಿಸಿ ಎಂದು ಉತ್ತರಿಸಿದಳು. ಹುಷಾರಿಲ್ಲವೆಂದು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು, ಪಾರಾಗುತ್ತಿದ್ದಳು. ಸಂಪಾದಕ ನಿಜ ಹೇಳಿದ್ದಕ್ಕೆ ವಂದನೆ ಹೇಳಿ, ಬೇಕೆಂದೇ ಸುಳ್ಳು ಬರೆದವರಿಗಿರುವ ನಿಯಮದಂತೆ ಅವಳ ಖಾತೆಗೆ ಒಂದು ತಿಂಗಳು ಬೀಗ ಜಡಿದ.

"ಹಿಂಗಾಗುತ್ತೆ ಅಂತ ನಿಮ್ಗೆ ಗೊತ್ತಿತ್ತಾ?" ಕೆಮುಂಟೊಳ ಕಣ್ಣು ತುಂಬಿತ್ತು.

"ಗೊತ್ತಿಲ್ದೆ ಏನು? ಕಲ್ಲು ಒದ್ದೆ ಮಾಡ್ಬೇಕಾದ್ರೆ ನೀರು ಖರ್ಚಾಗಲ್ವೇನೆ?" ಎನ್ನುತ್ತ ಬೋಸಿಬೋರಿ ಬಾಳೆಹಣ್ಣು ಸುಲಿಯತೊಡಗಿದಳು.

ಇಂಥವಳ ಎದುರಿನ ಮೇಜು ಸಿಕ್ಕಿದ್ದೇ ತನ್ನ ಪುಣ್ಯ ಎನಿಸಿತು ಕೆಮುಂಟೊಗೆ. ಐದಾಗುವ ಮೊದಲೇ ಶಭಾಷ್‌ಗೆ ಉಹೂಂ ಎಂದಳು. ಆಮೇಲೆ ತಕರಾರಿನ ಮೊದಲ ಪ್ರಶ್ನೆಯ ಕೆಳಗೆ ಬರೆದಳು: 'ಇಲ್ಲ, ನಾನು ಹಿಮ ಕಂಡಿಲ್ಲ. ಕಲ್ಲಿನ ಬಿರುಕು ಪತ್ತೆಹಚ್ಚುವ ಬಗ್ಗೆ ಬರೆಯಲೇ?'

'ಬರೆಯಿರಿ,' ಎಂದು ಉತ್ತರ ಬಂತು. 'ಒಂದು ಪ್ರಶ್ನೆ. ಕಲಿಸಿದವರು ಯಾರು?'

ಕೆಮುಂಟೊ ತಲೆ ಎತ್ತಿ ಎದುರಿನ ಮೇಜಿನತ್ತ ನೋಡಿದಳು. ಇನ್ನು ಒಂದು ತಿಂಗಳು ಆ ತಾಣದಲ್ಲಿ ಕಾಣಿಸಲಾರದ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ, ಪೂರ್ತಿಯಾಗಿ ಬರೆದಳು.