ಮೂರನೇ ಸಾಲಿನ ಶಿಳ್ಳೆ

ಅಪ್ಪ ತೀರಿಕೊಂಡು ಕೆಲವು ತಿಂಗಳಾದ ಮೇಲೆ, ಕ್ರಿಸ್ಮಸ್ಸಿನ ಹಿಂದಿನ ದಿನ ಬೆಳಿಗ್ಗೆ, ಅವರ ಶಿಳ್ಳೆ ನನಗೆ ಕೇಳಿಸಿತು.

ಹಿತ್ತಲಿನ ಶೆಡ್ಡಿನಲ್ಲಿ ಒಂದು ಕುರ್ಚಿಯನ್ನು ಮುಂದಿಟ್ಟುಕೊಂಡು ಅಪ್ಪನ ಮಣೆಯ ಮೇಲೆ ಕೂತಿದ್ದೆ. ಕೈಯಲ್ಲಿ ನೆನೆಸಿದ ಬೆತ್ತದ ಎಳೆ. ಅದು ಜಾರದಂತೆ ಚೌಕಟ್ಟಿನ ತೂತಿಗೆ ಮರದ ಸಣ್ಣ ಗೂಟ ಇಟ್ಟು, ಸುತ್ತಿಗೆಯಿಂದ ಟಕ್ ಟಕ್ ಎಂದು ತಟ್ಟಿದೆ. ಅಷ್ಟೇ. ನೆತ್ತಿಯ ಮೇಲಿನಿಂದ ಕ್ರಿಸ್ಮಸ್ ಹಾಡಿನ ಮೂರನೇ ಸಾಲು ಬಂತು. ಮೇಲೇರಬೇಕಾದ ಕಡೆ ಕೆಳಗಿಳಿಯುವ ಆ ತಪ್ಪು ಸ್ವರದ ಸಮೇತ. ಅಲ್ಲಿ ಹಾಗೆ ಇಳಿಸುತ್ತಿದ್ದವರು ನನಗೆ ಗೊತ್ತಿರುವ ಮಟ್ಟಿಗೆ ಒಬ್ಬರೇ.

ಸುತ್ತಿಗೆ ಕೈ ತಪ್ಪಿ, ಬೆತ್ತ ನೆನೆಹಾಕಿದ್ದ ಬಕೆಟ್ಟಿನೊಳಗೆ ಬಿತ್ತು. ನೀರು ಮುಖಕ್ಕೆ ಸಿಡಿಯಿತು. ತಲೆ ಎತ್ತಿ ನೋಡಬೇಕೆಂದರೆ ಕತ್ತು ಮಾತು ಕೇಳಲಿಲ್ಲ. ಅಪ್ಪ ಕುಸಿದದ್ದು ಇದೇ ಜಾಗದಲ್ಲಿ, ಇದೇ ಮಣೆಯ ಪಕ್ಕದಲ್ಲಿ. ಸ್ವಲ್ಪ ಹೊತ್ತಾದ ಮೇಲೆ ಹೊರಗೆ ಬಂದು ಸುತ್ತ ನೋಡಿದೆ. ಮರ, ಬಟ್ಟೆ ಒಣಹಾಕುವ ತಂತಿ, ಪಕ್ಕದ ಮನೆಯ ಗೋಡೆ. ಯಾರೂ ಇಲ್ಲ. ರಾತ್ರಿ ಸರಿಯಾಗಿ ನಿದ್ದೆ ಇಲ್ಲ, ಅದಕ್ಕೇ ಹೀಗೆ ಅಂದುಕೊಂಡೆ. ಕನ್ನಡಕದ ಅಂಗಡಿಯಲ್ಲಿ ದಿನವೂ ಗಿರಾಕಿಗಳಿಗೆ 'ಅಕ್ಷರ ಕಾಣಿಸುತ್ತಾ, ಸರಿಯಾಗಿ ಕಾಣಿಸುತ್ತಾ' ಎಂದು ಕೇಳುವವಳು ನಾನು. ನನ್ನ ಕಿವಿಯ ಬಗ್ಗೆ ಯಾರನ್ನು ಕೇಳುವುದು? ಅಮ್ಮನನ್ನಂತೂ ಕೇಳುವ ಹಾಗಿರಲಿಲ್ಲ.

ಆ ತಪ್ಪು ಸ್ವರದಿಂದಲೇ ನಮ್ಮ ಮನೆ ಕೆಟ್ಟಿದ್ದು. ಅಪ್ಪ ಬೆತ್ತದ ಕುರ್ಚಿ ಹೆಣೆಯುವವರು. ಕೈ ಓಡುತ್ತಿದ್ದರೆ ಬಾಯಿ ಸುಮ್ಮನಿರುತ್ತಿರಲಿಲ್ಲ, ಶಿಳ್ಳೆ ಹಾಕುತ್ತಲೇ ಇರುತ್ತಿದ್ದರು. ಚರ್ಚಿನಲ್ಲಿ ಹಾಡುವವರ ಗುಂಪಿನಲ್ಲೂ ಇದ್ದರು. ಅದನ್ನು ನಡೆಸುತ್ತಿದ್ದವರು ಒಬ್ಬ ನಿವೃತ್ತ ಸಂಗೀತದ ಮೇಷ್ಟ್ರು. ನಡೆಯುವಾಗಲೂ ಗುಂಯ್ ಎನ್ನುತ್ತಿದ್ದ ಅವರಿಗೆ ಅಪ್ಪ ಇಟ್ಟ ಹೆಸರು ಶ್ರುತಿಪೆಟ್ಟಿಗೆ. ಹೋದ ಕ್ರಿಸ್ಮಸ್ಸಿನ ಅಭ್ಯಾಸದಲ್ಲಿ ಮೇಷ್ಟ್ರು ಮೂರನೇ ಸಾಲಿಗೆ ಮತ್ತೆ ಮತ್ತೆ ಎಲ್ಲರನ್ನೂ ನಿಲ್ಲಿಸಿದರು. ಅಪ್ಪ, "ನಮ್ಮಮ್ಮ ಹೀಗೇ ಹಾಡ್ತಿದ್ದಿದ್ದು, ನಾನು ಹೀಗೇ ಹಾಡೋದು" ಎಂದರಂತೆ. ಮೇಷ್ಟ್ರು ಎಲ್ಲರೆದುರು, "ಹಾಗಾದ್ರೆ ನೀವು ಬಾಯಿ ಮಾತ್ರ ಆಡಿಸಿ, ಸದ್ದು ಬೇಡ" ಎಂದುಬಿಟ್ಟರು.

ಅಪ್ಪ ಹಾಡಿನ ಪುಸ್ತಕವನ್ನು ಬೆಂಚಿನ ಮೇಲಿಟ್ಟು ಮನೆಗೆ ಬಂದರು. ಆಮೇಲೆ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಚರ್ಚಿನಿಂದ ದುರಸ್ತಿಗೆಂದು ಬಂದಿದ್ದ ಮೇಷ್ಟ್ರ ಕುರ್ಚಿಯನ್ನು ಶೆಡ್ಡಿನ ಮೂಲೆಗೆ ನೂಕಿ, ಅದರ ಮೇಲೆ ಗೋಣಿಚೀಲ ಹಾಕಿದರು. ಸಾಯಂಕಾಲ ನಾನೂ ಅಮ್ಮನೂ ಕೆಲಸದಿಂದ ಬರುವ ಹೊತ್ತಿಗೆ ಬೇಕೆಂದೇ ಆ ಸಾಲನ್ನು ತಪ್ಪಾಗಿ, ಬೀದಿಗೆ ಕೇಳುವ ಹಾಗೆ ಶಿಳ್ಳೆ ಹಾಕುತ್ತಿದ್ದರು. ಒಂದು ಮಧ್ಯಾಹ್ನ ಎದೆನೋವು ಬಂದು ಹೋಗಿಯೇಬಿಟ್ಟರು. ಮಣ್ಣಿಗೆ ಬಂದ ಮೇಷ್ಟ್ರನ್ನು ಅಮ್ಮ ಗೇಟಿನಲ್ಲೇ ತಡೆದಳು. "ಇಲ್ಲೂ ಸದ್ದು ಬೇಡ ಅನ್ನೋಕೆ ಬಂದ್ರಾ?"

ಅವತ್ತಿನಿಂದ ಅಮ್ಮನಿಗೆ ಒಂದೇ ಕೊರಗು. ಸಿಟ್ಟಿಗಿಂತ ಹೆಚ್ಚು ಭಯ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹೊದಿಕೆ ಮಡಿಸಿ ಮಡಿಸಿ ಸೋತು ಬಂದವಳು ಊಟದ ತಟ್ಟೆಯ ಮುಂದೆ ಕೂತು ಕೇಳುತ್ತಿದ್ದಳು: "ಮನಸ್ಸಲ್ಲಿ ಮುಳ್ಳಿಟ್ಕೊಂಡು ಹೋದವರಿಗೆ ಪರಲೋಕದಲ್ಲಿ ಜಾಗ ಕೊಡ್ತಾರೇನೇ?" ಪಾದ್ರಿಗಳು ಮನೆಗೆ ಬಂದು ಸಮಾಧಾನ ಹೇಳಿದರು. ಅಮ್ಮ ತಲೆ ಆಡಿಸಿದಳು, ನಂಬಲಿಲ್ಲ. ಚರ್ಚಿಗೆ ಹೋಗುವುದನ್ನು ನಿಲ್ಲಿಸಿದಳು. ಈ ಕ್ರಿಸ್ಮಸ್ಸಿಗೂ ಬರುವುದಿಲ್ಲ ಎಂದಿದ್ದಳು. "ಅವರು ಹೊರಗೇ ನಿಂತಿದ್ರೆ ನಾನು ಒಳಗೆ ಹೋಗಿ ಏನು ಹಾಡಲಿ?"

ಆ ಕುರ್ಚಿಯನ್ನಾದರೂ ಹಿಂತಿರುಗಿಸಿದರೆ ಒಂದು ಮುಳ್ಳು ಕಡಿಮೆಯಾಗಬಹುದು ಎಂದು ನನ್ನ ಲೆಕ್ಕಾಚಾರ. ಅಪ್ಪನ ಕೈ ನೋಡಿ ಅಷ್ಟಿಷ್ಟು ಕಲಿತಿದ್ದೆ. ಸರಿಯೋ ತಪ್ಪೋ ಗೊತ್ತಿರಲಿಲ್ಲ. ರಜೆಯ ದಿನ ನೋಡಿ, ಮುಚ್ಚಿದ್ದ ಶೆಡ್ಡನ್ನು ತೆಗೆದಿದ್ದೆ.

ನಾನು ಮತ್ತೆ ಶೆಡ್ಡಿಗೆ ಬಂದು ಕೂರುವಷ್ಟರಲ್ಲಿ, ಬಕೆಟ್ಟಿನ ಸದ್ದು ಕೇಳಿದ್ದ ಅಮ್ಮ ಹಿತ್ತಲಿಗೆ ಬಂದಳು. ಕುರ್ಚಿ ನೋಡಿ ನಿಂತಳು.

"ಯಾರದ್ದು ಅದು?"

"ಚರ್ಚಿಂದು."

"ಚರ್ಚಿಂದಂತೆ! ಶ್ರುತಿಪೆಟ್ಟಿಗೆ ಕೂರೋ ಕುರ್ಚಿ ನಂಗೆ ಗೊತ್ತಿಲ್ವಾ? ನಿಮ್ಮಪ್ಪ ಮುಟ್ಟದೇ ಇದ್ದಿದ್ದನ್ನ ನೀನ್ಯಾಕೆ ಮುಟ್ತೀಯ?"

"ನಾಳೆ ಹಬ್ಬ ಅಮ್ಮ. ಮುಗಿಸಿ ಕೊಟ್ಬಿಡೋಣ ಅಂತ..."

"ಕೊಟ್ಟು ಕೈ ಮುಗಿದು ಬಾ ಹಾಗಾದ್ರೆ!"

ನನ್ನ ಗ್ರಹಚಾರಕ್ಕೆ ಆಗಲೇ ಗೇಟು ಕಿರ್ರೆಂದಿತು. ನಾನು ಕುರ್ಚಿಯ ವಿಷಯ ಹೇಳಿದಾಗ, ಆಯಿತಾ ನೋಡಿಕೊಂಡು ಬರಲು ಯಾರನ್ನಾದರೂ ಕಳಿಸುತ್ತೇನೆ ಎಂದಿದ್ದರು ಪಾದ್ರಿಗಳು. ಮೇಷ್ಟ್ರೇ ಬರುತ್ತಾರೆಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಮನೆಯ ಪಕ್ಕದಿಂದ ಹಿತ್ತಲಿಗೆ ಬಂದು, ಅಮ್ಮನನ್ನು ಕಂಡು ಬಟ್ಟೆಯ ತಂತಿಯ ಆಚೆಯೇ ನಿಂತರು. ನೇತುಹಾಕಿದ್ದ ಒದ್ದೆ ಸೀರೆಯ ಮೇಲೆ ಅವರ ತಲೆ ಮಾತ್ರ ಕಾಣುತ್ತಿತ್ತು.

"ಅಕ್ಕಾ, ನಾನು... ಕುರ್ಚಿಗೆ ಅಂತಲ್ಲ. ಒಂದು ಮಾತು ಹೇಳಿ ಹೋಗೋಣ ಅಂತ."

"ಮಾತು ಹೇಳಿ ಹೇಳಿಯೇ ಅಲ್ವಾ ಮೇಷ್ಟ್ರೇ ಇಷ್ಟೆಲ್ಲ ಆಗಿದ್ದು? ಇನ್ನೂ ಮಿಕ್ಕಿದೆಯಾ?"

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಇಬ್ಬರನ್ನೂ ನೋಡುತ್ತಾ ಕೂರಲು ನನ್ನಿಂದಾಗಲಿಲ್ಲ. ಏನಾದರೂ ಮಾಡುತ್ತಿರಬೇಕು ಎನ್ನುವುದು ನನ್ನ ಕೆಟ್ಟ ಅಭ್ಯಾಸ. ಸುತ್ತಿಗೆಯನ್ನು ನೀರಿನಿಂದ ತೆಗೆದು ಗೂಟಕ್ಕೆ ತಟ್ಟಿದೆ. ಟಕ್ ಟಕ್.

ಶಿಳ್ಳೆ ಬಂತು.

ಈ ಸಲ ಮೂವರೂ ಕೇಳಿದೆವು. ಅದೇ ಸಾಲು, ಅದೇ ಇಳಿತ. ಅಮ್ಮನ ಕೈ ಗಾಳಿಯಲ್ಲೇ ನಿಂತಿತು. ಮೇಷ್ಟ್ರು ತಂತಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇಡೀ ತಂತಿ, ಸೀರೆ, ಅದರ ಕ್ಲಿಪ್ಪುಗಳೆಲ್ಲ ನಡುಗಿದವು.

"ಯೇಸಪ್ಪಾ..." ಎಂದಳು ಅಮ್ಮ, ಉಸಿರಿನಷ್ಟೇ ಸಣ್ಣಗೆ. "ಬಂದಿದ್ದಾರೆ ಕಣೇ."

ನಾನು ಈಗ ತಲೆ ಎತ್ತಲೇಬೇಕಾಯಿತು. ಶೆಡ್ಡಿನ ತಗಡಿನ ಅಂಚಿನಲ್ಲಿ ಒಂದು ಗೊರವಂಕ ಕೂತಿತ್ತು. ಹಳದಿ ಕಾಲು, ಹಳದಿ ಕೊಕ್ಕು. ಕತ್ತಿನ ಗರಿ ಉಬ್ಬಿಸಿಕೊಂಡು, ನನ್ನ ಕೈಯಲ್ಲಿದ್ದ ಸುತ್ತಿಗೆಯನ್ನೇ ಓರೆಗಣ್ಣಲ್ಲಿ ನೋಡುತ್ತಿತ್ತು.

"ಅಮ್ಮ, ಹಕ್ಕಿ. ಹಕ್ಕಿ ಅದು."

ಹೇಳಬಾರದಿತ್ತೇನೋ ಎಂದು ಆ ಕ್ಷಣವೇ ಅನ್ನಿಸಿತು. ಅಮ್ಮನ ಮುಖ ನೋಡುವ ಧೈರ್ಯವಾಗಲಿಲ್ಲ. ಆದರೆ ಹಕ್ಕಿ ಇನ್ನೂ ಮುಗಿಸಿರಲಿಲ್ಲ. ಕೊಕ್ಕು ತೆರೆದು ಕೆಮ್ಮಿತು. ಗಂಟಲು ಸರಿಮಾಡಿಕೊಳ್ಳುವ ಅಪ್ಪನ ಕೆಮ್ಮು. ಮತ್ತೆ ಮೂರನೇ ಸಾಲು. ಮೇಲೇರುವ ಜಾಗಕ್ಕೆ ಬಂದು, ಅರ್ಧ ಹತ್ತಿ, ಜಾರಿತು. "ಚ್" ಎಂದಿತು. ಎಳೆ ತಪ್ಪಿದಾಗ ಅಪ್ಪ ಹೀಗೇ ಲೊಚಗುಟ್ಟುತ್ತಿದ್ದರು. ಮತ್ತೆ ಮೊದಲಿನಿಂದ. ಮತ್ತೆ ಜಾರಿತು. ಮತ್ತೆ "ಚ್".

ಹಕ್ಕಿಗೆ ತಪ್ಪು ಸರಿ ಏನು ಗೊತ್ತು? ಕೇಳಿದ್ದನ್ನು ಒಪ್ಪಿಸುತ್ತದೆ. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ, ಖಾಲಿ ಮನೆಯ ಹಿತ್ತಲಿನಲ್ಲಿ, ಗೂಟ ತಟ್ಟುವ ಸದ್ದಿನ ಜೊತೆಗೆ ಅದು ದಿನಾ ಕೇಳಿದ್ದು ಇದು. ಒಬ್ಬ ಮನುಷ್ಯ ಒಂದು ಸಾಲನ್ನು ತಿದ್ದಿಕೊಳ್ಳಲು ಒದ್ದಾಡುತ್ತಿದ್ದದ್ದು.

ಆಮೇಲೆ ಹಕ್ಕಿ ಅದನ್ನು ಸರಿಯಾಗಿ ಹಾಡಿತು. ಸರಿಯಾಗಿ ಎಂದರೆ, ಮೇಲಿನ ಸ್ವರಕ್ಕೆ ಹೋಗುವ ಮುಂಚೆ ಒಂದು ಚಿಕ್ಕ ತಿರುವು ತಿರುಗಿ, ಮೆಲ್ಲಗೆ ಏರಿ ನಿಂತಿತು.

ಮೇಷ್ಟ್ರು ಸೀರೆಯನ್ನು ಸರಿಸಿ ಈಚೆ ಬಂದರು. ಮುಖ ಸುಣ್ಣದ ಹಾಗಿತ್ತು.

"ಆ ತಿರುವು... ಅದು ಹೋದ ವರ್ಷ ಇರಲಿಲ್ಲ. ಈ ವರ್ಷ ನಾನೇ ಸೇರಿಸಿದ್ದು. ಯಾವ ಪುಸ್ತಕದಲ್ಲೂ ಇಲ್ಲ. ಅವರಿಗೆ ಹೇಗೆ..."

ಈಸ್ಟರ್ ಮುಗಿದ ಮರುವಾರವೇ ಕ್ರಿಸ್ಮಸ್ ಹಾಡು ಶುರು ಮಾಡಿಸುವ ಮನುಷ್ಯ ಎಂದು ಮೇಷ್ಟ್ರನ್ನು ಎಲ್ಲರೂ ಆಡಿಕೊಳ್ಳುತ್ತಿದ್ದರು. ಅಪ್ಪ ಬದುಕಿದ್ದಾಗಲೇ ಆ ತಿರುವು ಸೇರಿತ್ತು ಅನ್ನಿ, ಆದರೂ ಅದನ್ನು ಅವರು ಕೇಳಿದ್ದೆಲ್ಲಿ? ಅವರು ಅತ್ತ ತಲೆಯನ್ನೇ ಹಾಕಿರಲಿಲ್ಲವಲ್ಲ.

"ನಿಮ್ಮ ಅಭ್ಯಾಸ ಯಾವತ್ತು ಮೇಷ್ಟ್ರೇ?" ಅಮ್ಮ ಕೇಳಿದಳು. ಧ್ವನಿ ಅವಳದ್ದಾಗಿರಲಿಲ್ಲ.

"ಶುಕ್ರವಾರ ಸಾಯಂಕಾಲ."

ಅಮ್ಮ ನಿಧಾನವಾಗಿ ಶೆಡ್ಡಿನ ಹೊಸಿಲ ಮೇಲೆ ಕೂತಳು. "ಶುಕ್ರವಾರ ಬೆತ್ತ ತರ್ತೀನಿ ಅಂತ ಹೋಗೋರು. ಬರಿಗೈಲಿ ಬರೋರು. ಇನ್ನೂ ಮಾಲು ಬಂದಿಲ್ವಂತೆ ಕಣೇ ಅನ್ನೋರು. ಅದೆಂಥಾ ಅಂಗಡಿನೋ, ವರ್ಷವಿಡೀ ಮಾಲೇ ಬರಲ್ವಲ್ಲ ಅಂತ ನಾನು ಬೈದಿದ್ದೂ ಬೈದಿದ್ದೇ."

"ಚರ್ಚಿನ ಹಿಂದಿನ ಕಿಟಕಿ," ಎಂದರು ಮೇಷ್ಟ್ರು. "ಸೆಕೆ ಅಂತ ತೆಗೆದೇ ಇಡ್ತಿದ್ವಿ. ಅದರ ಹೊರಗೆ ಪೊದೆ. ಅಲ್ಲಿ ನಿಂತ್ಕೊಂಡು..." ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಅಮ್ಮ ನಕ್ಕಳು. ನಿಜ ಹೇಳಬೇಕೆಂದರೆ ಶಿಳ್ಳೆಗಿಂತ ಆ ನಗುವಿಗೆ ನಾನು ಹೆಚ್ಚು ಹೆದರಿದೆ. ಮಣ್ಣು ಮಾಡಿದ ಮೇಲೆ ಅವಳು ನಕ್ಕಿದ್ದೇ ಇರಲಿಲ್ಲ.

"ಕಳ್ಳ! ನನ್ನೆದುರು ತಪ್ಪಾಗಿ ಊದೋದು, ಹಿಂದಿನಿಂದ ಸರಿಯಾಗಿ ಕಲಿಯೋದು! ನನಗೊಂದು ಮಾತು ಹೇಳಿದ್ರೆ ನಾಲಿಗೆ ಸವೆದು ಹೋಗ್ತಿತ್ತಾ? ಹಬ್ಬದ ದಿನ ಸೀದಾ ಹೋಗಿ ನಿಂತು ಹಾಡಿ, ಎಲ್ಲರ ಬಾಯಿ ಮುಚ್ಚಿಸೋಣ ಅಂತಿದ್ರು ಕಣೇ ನಿಮ್ಮಪ್ಪ. ಅವರ ಬುದ್ಧಿ ನಂಗೆ ಗೊತ್ತಿಲ್ವಾ?" ಹೇಳುತ್ತಾ ಹೇಳುತ್ತಾ ಕಣ್ಣು ತುಂಬಿ ಹರಿಯಿತು. "ವಾಪಸ್ ಹೋಗೋ ಮನಸ್ಸು ಮಾಡಿದ್ರು ಕಣೇ. ಮುಳ್ಳಿರಲಿಲ್ಲ. ತೆಗೆದುಹಾಕಿದ್ರು. ಇನ್ನೊಂದು ಸಲ ತಟ್ಟೇ."

ತಟ್ಟಿದೆ. ಗೊರವಂಕ ಯೋಚನೆ ಮಾಡಿ, ನಮ್ಮ ಗೇಟಿನ ಹಾಗೆ ಕಿರ್ರೆಂದಿತು. ಮತ್ತೆ ತಟ್ಟಿದೆ. ಮತ್ತೆ ಕಿರ್ರ್.

"ಥೂ, ದರಿದ್ರದ್ದೇ," ಎಂದಳು ಅಮ್ಮ, ಮೂಗು ಒರೆಸಿಕೊಳ್ಳುತ್ತಾ. ಅದು ಹಾರಿ ಹೋಯಿತು.

ದೇವರು ಕಳಿಸಿದ್ದು ಎನ್ನಲೇ, ಹಕ್ಕಿಯ ಸ್ವಭಾವ ಎನ್ನಲೇ? ಇವತ್ತಿಗೂ ನನಗೆ ಖಚಿತವಾಗಿ ಹೇಳಲು ಬರುವುದಿಲ್ಲ. ಎರಡೂ ಒಂದೇ ಇರಬಹುದು ಎಂದು ಹೇಳುವಷ್ಟು ತಿಳಿದವಳಲ್ಲ ನಾನು. ಆ ದಿನ ನನ್ನ ಎದೆಬಡಿತ ತಹಬಂದಿಗೆ ಬರಲು ಸಾಯಂಕಾಲವಾಯಿತು ಎನ್ನುವುದಷ್ಟೇ ಗೊತ್ತು. ಅಷ್ಟರಲ್ಲಿ ಕುರ್ಚಿಯನ್ನೂ ಮುಗಿಸಿದ್ದೆ. ಎಳೆಗಳನ್ನು ನೆನೆಸಿ ಕೊಟ್ಟವಳು ಅಮ್ಮ.

ಮರುದಿನ ಬೆಳಿಗ್ಗೆ ಅವಳು ನನಗಿಂತ ಮುಂಚೆ ಚಪ್ಪಲಿ ಮೆಟ್ಟಿ ನಿಂತಿದ್ದಳು. ಚರ್ಚು ತುಂಬಿತ್ತು. ಅಮ್ಮ ಒಳಗೆ ಬಂದಾಗ ಬೆಂಚಿನಿಂದ ಬೆಂಚಿಗೆ ಪಿಸುಮಾತು ಓಡಿತು. ಹಾಡಿನ ಸರದಿ ಬಂತು. ಮೇಷ್ಟ್ರು ಗುಂಪಿನ ಮುಂದೆ ನಿಂತವರು ಕೈ ಎತ್ತಲಿಲ್ಲ. ಗುಂಪಿಗೆ ಬೆನ್ನು ಮಾಡಿ ಜನರ ಕಡೆ ತಿರುಗಿದರು.

"ಹೋದ ವರ್ಷ ಇದೇ ಜಾಗದಲ್ಲಿ ನಾನು ಒಬ್ಬರಿಗೆ ಸದ್ದು ಮಾಡಬೇಡಿ ಅಂದೆ," ಎಂದರು. "ಹಾಡುವವರೆಲ್ಲರ ಎದುರೇ ಅಂದಿದ್ದು. ಅದಕ್ಕೇ ಕ್ಷಮೆ ಕೂಡ ನಿಮ್ಮೆಲ್ಲರ ಎದುರೇ..."

ಚರ್ಚಿಗೆ ಚರ್ಚೇ ದಂಗಾಯಿತು. ಮಕ್ಕಳ ಅಕ್ಷರ ತಿದ್ದುವಂತೆ ಊರಿನ ಶ್ರುತಿ ತಿದ್ದಿದವರು, ಯಾರ ಮುಂದೆಯೂ ತಲೆ ಬಾಗಿಸಿದವರಲ್ಲ. ಈಗ ಎಲ್ಲರೆದುರು ಭುಜ ಕುಲುಕಿಸಿ ಅಳುತ್ತಿದ್ದರು. ಪಾದ್ರಿಗಳಿಗೂ ಏನು ಮಾಡಬೇಕೆಂದು ತೋಚಲಿಲ್ಲ.

ನನ್ನ ಪಕ್ಕದಿಂದ ಅಮ್ಮ ಎದ್ದಳು. ಸೆರಗು ಹಿಡಿದು ಕೂರಿಸಲು ನೋಡಿದೆ. ಕೊಸರಿಕೊಂಡಳು.

"ಸಾಕು ಮೇಷ್ಟ್ರೇ! ಹಬ್ಬದ ದಿನ ಇದನ್ನ ಸಾವಿನ ಮನೆ ಮಾಡ್ಬೇಡಿ. ಅವರ ಕೋಪ ಅವರೇ ಯಾವತ್ತೋ ಮುಗಿಸಿಕೊಂಡಿದ್ರು, ನಂದು ನಿನ್ನೆ ಮುಗೀತು. ಹಾಡು ಶುರು ಮಾಡಿ."

ಮೇಷ್ಟ್ರು ತಲೆಯಾಡಿಸಿ ಬಾಯಿ ತೆರೆದರು. ಗಂಟಲಿನಿಂದ ಗಾಳಿಯಷ್ಟೇ ಬಂತು. ಎರಡನೇ ಸಲವೂ ಅಷ್ಟೇ. ಗುಂಪಿನವರು ಒಬ್ಬರ ಮುಖ ಒಬ್ಬರು ನೋಡಿದರು.

ಆಗ ಅಮ್ಮ, ಮನೆಯಲ್ಲೂ ಗಟ್ಟಿಯಾಗಿ ಹಾಡದವಳು, ನಿಂತಲ್ಲಿಂದಲೇ ಹಾಡು ಎತ್ತಿದಳು. ಅದೂ ಎಷ್ಟು ಮೇಲಿನ ಶ್ರುತಿಯಲ್ಲಿ ಎಂದರೆ, ಮುಂದಿನ ಬೆಂಚಿನವರೆಲ್ಲ ಬೆಚ್ಚಿ ತಿರುಗಿದರು. ಒಂದು ಗಳಿಗೆ ಅವಳೊಬ್ಬಳದ್ದೇ ದನಿ. ಆಮೇಲೆ ಹಿಂದಿನಿಂದ ಯಾರೋ ಸೇರಿದರು, ಪಕ್ಕದವರು ಸೇರಿದರು, ಗುಂಪಿನವರು ಸೇರಿದರು. ಕೊರಳಿನ ನರ ಉಬ್ಬಿಸಿ, ಮುಖ ಕೆಂಪಾಗಿಸಿಕೊಂಡು, ಇಡೀ ಚರ್ಚು ಅಮ್ಮನ ಹಿಂದೆ ಏದುಸಿರು ಬಿಡುತ್ತಾ ಆ ಶ್ರುತಿಗೆ ಹತ್ತಿತು. ಅವಳನ್ನು ತಡೆದು ಶ್ರುತಿ ಇಳಿಸಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ, ಮೇಷ್ಟ್ರಿಗೂ.